ಕುರಿಮರಿಯನ್ನು ಮುದ್ದು ಮಾಡುವ ಮುನ್ನ

ಬ್ಲೇಕ್‌ನ ಕವಿತೆಗಳು ತುಂಬ ಸುಲಭ, ಶಿಶುಗೀತೆಯ ಹಾಗೆ ಒಂದೇ ಓದಿಗೆ ಮುಗಿದುಹೋದವು ಎಂದೆಯಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ಕಷ್ಟದ ಪದ್ಯ ಸಿಕ್ಕರೆ ನಾವು ಎಚ್ಚರವಾಗಿ ಕೂತು ಓದುತ್ತೇವೆ. ಸುಲಭದ್ದು ಸಿಕ್ಕರೆ ಗೈಡ್ ಹೇಳಿದ್ದಕ್ಕೆ ತಲೆಯಾಡಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಕುರಿಮರಿ ಎಂದರೆ ಮುಗ್ಧತೆ, ಹುಲಿ ಎಂದರೆ ಕ್ರೌರ್ಯ, ಮಕ್ಕಳು ದೇವರ ಸಮಾನ ಎಂದು ಬರೆದರೆ ಪಾಸಾಗುವುದಕ್ಕೇನೂ ತೊಂದರೆಯಿಲ್ಲ. ಆದರೆ ನಿನ್ನಂಥ ಹುಡುಗಿ ಅಷ್ಟಕ್ಕೇ ನಿಲ್ಲಬಾರದು. ಬ್ಲೇಕ್‌ನ ಮಗು ಬಾಯಿಬಿಟ್ಟಾಗಲೆಲ್ಲ ಅದರ ಮಾತನ್ನಷ್ಟೇ ಕೇಳಿ ಸುಮ್ಮನಾಗಬೇಡ, ಅದು ನಿಂತಿರುವ ಜಾಗವನ್ನೂ ನೋಡು.

‘ದಿ ಲ್ಯಾಂಬ್’ ತೆಗೆದುಕೋ. 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ ಪುಸ್ತಕದ್ದು. ಪುಟ್ಟ ಮಗುವೊಂದು ಕುರಿಮರಿಯ ಹತ್ತಿರ ಅದರ ಸೃಷ್ಟಿಕರ್ತನ ಬಗ್ಗೆ ವಿಚಾರಿಸಿ, ಉತ್ತರಕ್ಕೆ ಕಾಯದೆ ತಾನೇ ಹೇಳಿಕೊಡುತ್ತದೆ. ಆ ಸೃಷ್ಟಿಕರ್ತನಿಗೂ ಕುರಿಮರಿಯ ಹೆಸರೇ ಇದೆ, ಅವನೂ ಮಗುವಾಗಿ ಬಂದಿದ್ದ. ಮಗು, ಮರಿ, ಕ್ರಿಸ್ತ ಮೂವರೂ ಒಂದೇ ಹೆಸರಿನ ನೆರಳಿಗೆ ಬಂದು ನಿಲ್ಲುತ್ತಾರೆ. ಪ್ರಶ್ನೆ ಕೇಳಿ ಉತ್ತರ ಬಾಯಿಪಾಠ ಮಾಡಿಸುವುದು ಅಂದಿನ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಧರ್ಮ ಕಲಿಸುವ ರೂಢಿಯಾಗಿತ್ತು. ಇಲ್ಲಿ ಕಲಿಯಬೇಕಾದ ಮಗುವೇ ಮೇಷ್ಟರಾಗಿ ಕೂತಿದೆ!

ಕ್ರಿಸ್ತನಿಗೆ ಆ ಹೆಸರು ಮರಿಯ ಮೆತ್ತನೆ ಉಣ್ಣೆಯಿಂದ ಬಂದದ್ದಲ್ಲ. ವಿಮೋಚನಕಾಂಡ ಓದಿ ನೋಡು. ಈಜಿಪ್ಟಿನಿಂದ ಹೊರಡುವ ಹಿಂದಿನ ರಾತ್ರಿ ಇಸ್ರಾಯೇಲ್ಯರು ಮರಿಯನ್ನು ಕೊಯ್ದು ಅದರ ರಕ್ತವನ್ನು ಬಾಗಿಲ ಚೌಕಟ್ಟಿಗೆ ಬಳಿಯುತ್ತಾರೆ. ರಕ್ತ ಕಂಡ ಮನೆಯನ್ನು ಸಾವು ದಾಟಿಕೊಂಡು ಹೋಗುತ್ತದೆ. ಯೋಹಾನನ ಸುವಾರ್ತೆಯಲ್ಲಿ ಸ್ನಾನಿಕ ಯೋಹಾನನು ಯೇಸುವನ್ನು ದೇವರ ಕುರಿಮರಿ ಎಂದು ತೋರಿಸುವಾಗ ಆ ಹಳೆಯ ರಕ್ತವೂ ಆ ಹೆಸರಿನೊಳಗಿರುತ್ತದೆ. ಇದು ನಮಗೆ ಗೊತ್ತು, ಪದ್ಯದ ಮಗುವಿಗೆ ಗೊತ್ತಿಲ್ಲ. ಅದು ಮರಿಯನ್ನು ಹರಸಿ ಸುಮ್ಮನಾಗುತ್ತದೆ. ಹರಕೆಯ ಕುರಿಯನ್ನು ಕುರಿತ ಬಸವಣ್ಣನವರ ವಚನ ನೀನು ಪಿಯುಸಿಯಲ್ಲೇ ಓದಿದ್ದೀಯ. ಅಲ್ಲಿ ಕತ್ತಿಯನ್ನು ವಚನಕಾರನೇ ನಮಗೆ ತೋರಿಸಿಬಿಡುತ್ತಾನೆ. ಬ್ಲೇಕ್ ತೋರಿಸುವುದಿಲ್ಲ, ಅದು ಎಲ್ಲಿದೆಯೆಂದು ಓದುಗನೇ ಹುಡುಕಿಕೊಳ್ಳಬೇಕು.

ಹುಡುಕುವುದಕ್ಕೆ ದೂರ ಹೋಗಬೇಕಾಗಿಲ್ಲ. ಅದೇ ಪುಸ್ತಕದಲ್ಲಿ ‘ದಿ ಚಿಮ್ನಿ ಸ್ವೀಪರ್’ ಇದೆ. ಲಂಡನ್ನಿನ ಮನೆಗಳ ಹೊಗೆಗೂಡಿನೊಳಗೆ ದೊಡ್ಡವರು ತೂರಲಾಗುತ್ತಿರಲಿಲ್ಲ. ಕೆಲವು ಗೂಡುಗಳ ಅಗಲ ಒಂಬತ್ತು ಅಂಗುಲ, ಅಷ್ಟೆ. ಐದಾರು ವರ್ಷದ ಬಡ ಹುಡುಗರನ್ನು ಕೊಂಡುತಂದು ಹತ್ತಿಸುತ್ತಿದ್ದರು. ಮಸಿಯ ಚೀಲಗಳೇ ಅವರ ಹಾಸಿಗೆ. ಈ ಕೆಲಸ ಮಾಡಿದವರಿಗೆ ಬರುವ ಒಂದು ಬಗೆಯ ಕ್ಯಾನ್ಸರನ್ನು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲೇ ವಿವರಿಸಿದ್ದ. ಎಂಟು ವರ್ಷ ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು 1788ರಲ್ಲಿ ಕಾನೂನು ಬಂತು, ಅದನ್ನು ಕೇಳುವವರಿರಲಿಲ್ಲ. ಪದ್ಯ ಬಂದದ್ದು ಅದರ ಮರುವರ್ಷ.

ಪದ್ಯದಲ್ಲಿ ಮಾತಾಡುವವನು ತಾಯಿ ಸತ್ತ ಮೇಲೆ ಅಪ್ಪ ಮಾರಿದ ಹುಡುಗ. ಟಾಮ್ ಡೇಕರ್ ಎಂಬ ಹೊಸಬನ ತಲೆ ಬೋಳಿಸುತ್ತಾರೆ, ಅವನು ಅಳುತ್ತಾನೆ. ಅವನ ಗುಂಗುರುಗೂದಲನ್ನು ಕವಿ ಯಾವುದಕ್ಕೆ ಹೋಲಿಸಿದ್ದಾನೆ, ಗಮನಿಸಿದೆಯಾ? ಕುರಿಮರಿಯ ಬೆನ್ನಿಗೆ! ಕೆಲವು ಪುಟಗಳ ಆಚೆ ಮಗುವೊಂದು ಹರಸಿ ಕಳಿಸಿದ ಮರಿ ಇಲ್ಲಿ ಉಣ್ಣೆ ಕಳೆದುಕೊಂಡು ಮಸಿಯೊಳಗೆ ನಿಂತಿದೆ. ಬೋಳು ತಲೆಗೆ ಮಸಿ ಮೆತ್ತಿದರೂ ಕೂದಲು ಕೆಡುವ ಭಯವಿಲ್ಲ ಎಂದು ದೊಡ್ಡ ಹುಡುಗ ಸಮಾಧಾನ ಹೇಳುತ್ತಾನೆ. ಈ ಸಮಾಧಾನ ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಅಂದು ರಾತ್ರಿ ಟಾಮ್‌ಗೆ ಕನಸು. ಕಪ್ಪು ಶವಪೆಟ್ಟಿಗೆಗಳಲ್ಲಿ ಬಿದ್ದಿದ್ದ ಸಾವಿರಾರು ಹುಡುಗರನ್ನು ದೇವದೂತನೊಬ್ಬ ಹೊಳೆಯುವ ಕೀಲಿಕೈಯಿಂದ ಬಿಡಿಸುತ್ತಾನೆ. ಅವರು ಹಸಿರು ಬಯಲಲ್ಲಿ ಓಡಿ, ಹೊಳೆಯಲ್ಲಿ ಮಿಂದು, ಮೋಡ ಹತ್ತಿ ಆಡುತ್ತಾರೆ. ಒಳ್ಳೆಯ ಹುಡುಗನಾಗಿದ್ದರೆ ದೇವರೇ ನಿನ್ನ ತಂದೆ ಎಂದು ದೂತ ಹೇಳಿಹೋಗುತ್ತಾನೆ. ಕತ್ತಲಿರುವಾಗಲೇ ಎದ್ದು, ಕೊರೆಯುವ ಚಳಿಯಲ್ಲಿ ಎಲ್ಲರೂ ಕೆಲಸಕ್ಕೆ ಹೊರಡುತ್ತಾರೆ. ಟಾಮ್ ಖುಷಿಯಾಗಿದ್ದಾನೆ. ಕರ್ತವ್ಯ ಮಾಡಿದವರಿಗೆ ಕೇಡಿನ ಭಯವಿಲ್ಲ ಎಂಬರ್ಥದ ನೀತಿಯೊಂದಿಗೆ ಪದ್ಯ ನಿಲ್ಲುತ್ತದೆ.

ಆ ನೀತಿ ಯಾರದು? ಗೈಡುಗಳು ಅದನ್ನು ಕವಿಯ ಸಂದೇಶವೆಂದು ಬರೆಯುತ್ತವೆ. ಅದು ಕವಿಯ ವ್ಯಂಗ್ಯ ಎಂದು ಸ್ವಲ್ಪ ಜಾಣರು ಬರೆಯುತ್ತಾರೆ. ಹುಡುಗ ಅದನ್ನು ಪೂರ್ತಿ ನಂಬಿ ಹೇಳುತ್ತಿದ್ದಾನೆ ಎನ್ನುವುದನ್ನು ಮೊದಲು ಒಪ್ಪಿಕೋ. ಅವನ ನಂಬಿಕೆಯನ್ನು ಬ್ಲೇಕ್ ಗೇಲಿ ಮಾಡಿಲ್ಲ, ಆ ಕನಸಿನ ಹೊಳೆ ನಿಜಕ್ಕೂ ತಿಳಿಯಾಗಿದೆ. ಆದರೆ ದೂತ ಹೇಳಿದ ಮಾತೂ, ಹುಡುಗರನ್ನು ದುಡಿಸುವ ಯಜಮಾನನಿಗೆ ಬೇಕಾದ ಮಾತೂ ಪಕ್ಕಪಕ್ಕದಲ್ಲೇ ಇವೆ. ನಂಬುವ ಹುಡುಗನನ್ನು ಪ್ರೀತಿಸುತ್ತಲೇ, ಅವನಿಗೆ ಅದನ್ನು ಹೇಳಿಕೊಟ್ಟವರ ಮೇಲೆ ಸಿಟ್ಟಾಗಬೇಕು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಸುಲಭ ಎಂದೆಯಲ್ಲ, ಅದಕ್ಕೇ ಇಷ್ಟು ಹೇಳಬೇಕಾಯಿತು.

ಐದು ವರ್ಷದ ಮೇಲೆ, 1794ರಲ್ಲಿ, ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’ ಸೇರಿಸಿ ಎರಡನ್ನೂ ಒಂದೇ ಪುಸ್ತಕ ಮಾಡಿದ. ಮನುಷ್ಯನ ಆತ್ಮದ ಎರಡು ಎದುರುಬದುರು ಸ್ಥಿತಿಗಳನ್ನು ತೋರಿಸುವ ಪುಸ್ತಕವೆಂದು ಅದರ ಹೆಸರಿನ ಪುಟದಲ್ಲೇ ಇದೆ. ಅಲ್ಲೊಂದು ‘ಚಿಮ್ನಿ ಸ್ವೀಪರ್’ ಬರುತ್ತದೆ. ಹಿಮದಲ್ಲಿ ನಿಂತ ಹುಡುಗ, ಅಪ್ಪ ಅಮ್ಮ ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದಾರೆ ಎನ್ನುತ್ತಾನೆ. ಅವನು ಕುಣಿಯುತ್ತಾನೆ, ಹಾಡುತ್ತಾನೆ, ಹಾಗಾಗಿ ಅವನಿಗೆ ಅನ್ಯಾಯವಾಗಿಲ್ಲವೆಂದು ಅವರು ನೆಮ್ಮದಿಯಾಗಿದ್ದಾರೆ. ಮುಗ್ಧತೆ ಹೋಗಿ ಅನುಭವ ಬಂತು ಎಂದು ಸರಳ ಗೆರೆ ಎಳೆಯಬೇಡ. ‘ದಿ ಸ್ಕೂಲ್ ಬಾಯ್’ ಮೊದಲಾದ ಕೆಲವು ಪದ್ಯಗಳನ್ನು ಬ್ಲೇಕ್ ತಾನೇ ಮೊದಲ ಭಾಗದಿಂದ ಎರಡನೆಯದಕ್ಕೆ ಎತ್ತಿ ಇಟ್ಟಿದ್ದಾನೆ. ಗೋಡೆ ಅಷ್ಟು ಗಟ್ಟಿಯಾಗಿರಲಿಲ್ಲ.

ಇಷ್ಟು ಹೇಳಿದೆನೆಂದು ಬ್ಲೇಕ್ ಧರ್ಮವಿರೋಧಿ ಎಂದು ಬರೆದುಬಿಟ್ಟೀಯ! ಅವನಷ್ಟು ಕ್ರಿಸ್ತನನ್ನು ಹಚ್ಚಿಕೊಂಡ ಕವಿ ಆ ಕಾಲದಲ್ಲಿ ವಿರಳ. ಸೋಹೋದ ಬಟ್ಟೆ ವ್ಯಾಪಾರಿಯ ಮಗ, ಚರ್ಚ್ ಆಫ್ ಇಂಗ್ಲೆಂಡಿಗೆ ಸೇರದ ಮನೆತನ. ಎಂಟು ಹತ್ತು ವರ್ಷದವನಿದ್ದಾಗ ಪೆಕಮ್ ರೈ ಬಯಲಿನ ಮರದ ಕೊಂಬೆಗಳಲ್ಲಿ ದೇವದೂತರನ್ನು ಕಂಡೆನೆಂದು ಮನೆಗೆ ಬಂದು ಹೇಳಿದನಂತೆ. ಸುಳ್ಳು ಹೇಳುತ್ತೀಯಾ ಎಂದು ಹೊಡೆಯಹೊರಟ ಅಪ್ಪನನ್ನು ಅಮ್ಮ ತಡೆದಳು ಎಂದು 1863ರಲ್ಲಿ ಪ್ರಕಟವಾದ ಬ್ಲೇಕ್‌ನ ಜೀವನಚರಿತ್ರೆಯಲ್ಲಿ ಗಿಲ್‌ಕ್ರಿಸ್ಟ್ ಬರೆದಿದ್ದಾನೆ. ಮಗು ಹುಟ್ಟುವಾಗಲೇ ಪಾಪ ಹೊತ್ತು ಬರುತ್ತದೆ, ಅದರ ಹಟ ಮುರಿಯುವುದೇ ಪೋಷಕರ ಧರ್ಮ ಎಂದು ಜಾನ್ ವೆಸ್ಲಿಯಂಥ ದೊಡ್ಡ ಬೋಧಕರೂ ಹೇಳುತ್ತಿದ್ದ ಕಾಲ ಅದು. ಐಸಾಕ್ ವಾಟ್ಸ್ 1715ರಲ್ಲಿ ಬರೆದ ಮಕ್ಕಳ ಭಕ್ತಿಗೀತೆಗಳನ್ನು ಮನೆಮನೆಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಬ್ಲೇಕ್ ಅದೇ ಬಗೆಯ ಸಣ್ಣ ಛಂದಸ್ಸಿನಲ್ಲಿ ಬೇರೆಯೇ ಮಾತು ಆಡಿದ.

ಮುದ್ರಿತ ಪಠ್ಯವನ್ನೊಂದೇ ನಂಬಬೇಡ ಎನ್ನುವುದನ್ನು ಮರೆಯುತ್ತಿದ್ದೆ. ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಬರೆದು, ಆಸಿಡ್‌ನಲ್ಲಿ ಉಳಿದ ಭಾಗ ಕರಗಿಸಿ, ಅಚ್ಚು ಹಾಕಿ, ಹೆಂಡತಿ ಕ್ಯಾಥರೀನಳ ನೆರವಿನಿಂದ ಒಂದೊಂದು ಪ್ರತಿಗೂ ಕೈಯಲ್ಲೇ ಬಣ್ಣ ತುಂಬಿದ ಪುಸ್ತಕ ಅದು. ಬ್ಲೇಕ್ ಆರ್ಕೈವ್‌ನಲ್ಲಿ ಪುಟಗಳು ಪುಕ್ಕಟೆ ಸಿಗುತ್ತವೆ. ‘ದಿ ಟೈಗರ್’ ಪದ್ಯದ ಕೆಳಗಿನ ಹುಲಿ ನೋಡು, ಆಟದ ಸಾಮಾನಿನಷ್ಟು ಸಾಧು! ಕ್ರೌರ್ಯದ ಸಂಕೇತ ಎಂದು ಬರೆಯುವಾಗ ಅದರ ಮುಖ ನೆನಪಿರಲಿ.

ವರ್ಡ್ಸ್‌ವರ್ತ್‌ನನ್ನು ಇದೇ ಗಂಟಿಗೆ ಕಟ್ಟಬೇಡ. ಬ್ಲೇಕ್‌ನಲ್ಲಿ ಮಗು ತಾನೇ ಮಾತಾಡುತ್ತದೆ. 1807ರ ‘ಇಮ್ಮಾರ್ಟ್ಯಾಲಿಟಿ ಓಡ್’ನಲ್ಲಿ ಮಾತಾಡುವವನು ಬಾಲ್ಯ ಕಳೆದುಕೊಂಡ ದೊಡ್ಡವನು. ಆತ್ಮ ದೇವರ ಬಳಿಯಿಂದ ಬೆಳಕು ಹೊತ್ತು ಬಂದು ದಿನದಿನಕ್ಕೂ ಮಂಕಾಗುತ್ತದೆ ಎನ್ನುವ ಅಲ್ಲಿನ ವಿಚಾರ ಸಿದ್ಧಾಂತವಲ್ಲ, ಕವಿಯಾಗಿ ಬಳಸಿಕೊಂಡದ್ದಷ್ಟೆ ಎಂದು ಮುಪ್ಪಿನಲ್ಲಿ ಅವನೇ ಹೇಳಿದ್ದಾನೆ. ಹುಡುಗನಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಹೊರಗಿನ ಲೋಕವೇ ಕರಗಿದಂತಾಗಿ, ಗೋಡೆಯನ್ನೋ ಮರವನ್ನೋ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ ಎಂದೂ ಹೇಳಿದ್ದಾನೆ. ಆರು ವರ್ಷದ ಮಗುವನ್ನು ತತ್ತ್ವಜ್ಞಾನಿ ಎನ್ನುವುದು ಅತಿಯಾಯಿತೆಂದು ಗೆಳೆಯ ಕೋಲ್‌ರಿಜ್ 1817ರಲ್ಲಿ ಆಕ್ಷೇಪಿಸಿದ. ನನ್ನ ಮತ ಕೋಲ್‌ರಿಜ್‌ಗೆ. ಆ ಮಗುವಿನ ಹೊಟ್ಟೆಗೆ ಏನಾದರೂ ಬಿತ್ತೇ ಎಂದು ಓಡ್‌ನಲ್ಲಿ ಯಾರೂ ಕೇಳುವುದಿಲ್ಲ.

ಸೇಂಟ್ ಪಾಲ್ಸ್ ಚರ್ಚಿಗೆ ವರ್ಷಕ್ಕೊಮ್ಮೆ ಸಾಲಾಗಿ ಬರುತ್ತಿದ್ದ ಧರ್ಮಾರ್ಥ ಶಾಲೆಗಳ ಸಾವಿರಾರು ಬಡ ಮಕ್ಕಳ ಮೇಲೂ ಬ್ಲೇಕ್ ಎರಡು ಪದ್ಯ ಬರೆದಿದ್ದಾನೆ. ಎರಡಕ್ಕೂ ಹೆಸರು ‘ಹೋಲಿ ಥರ್ಸ್‌ಡೇ’. ಮೊದಲನೆಯದರಲ್ಲಿ ಕೆಂಪು, ನೀಲಿ, ಹಸಿರು ಬಟ್ಟೆ ತೊಟ್ಟ ಮಕ್ಕಳ ಮುಂದೆ ಬಿಳಿ ಕೋಲು ಹಿಡಿದು ನಡೆಯುವವರು ಯಾರು, ಹಾಡುವಾಗ ಮಕ್ಕಳು ಎಲ್ಲಿ, ಪೋಷಕರು ಎಲ್ಲಿ ಕೂತಿದ್ದಾರೆ ಎನ್ನುವುದನ್ನು ಗುರುತು ಹಾಕಿಕೊಂಡು ಓದು. ಎರಡನೆಯದನ್ನು ಆಮೇಲೆ ತೆಗೆ. ಮುಂದಿನ ಭಾನುವಾರ ಬಂದಾಗ ಆ ಕೋಲಿನ ವಿಚಾರ ನೀನು ಹೇಳು, ನಾನು ಕೇಳುತ್ತೇನೆ.