ದಿನಬಾಡಿಗೆಯೋ, ತಿಂಗಳ ಬಾಡಿಗೆಯೋ? – ಸಮೀಕರಣದ ಒಂದು ಪಾಠ

ತರಗತಿ: 8 ವಿಷಯ: ಗಣಿತ ಅವಧಿ: 40 ನಿಮಿಷ
ಘಟಕ: ಒಂದು ಚರಾಕ್ಷರವಿರುವ ರೇಖಾತ್ಮಕ ಸಮೀಕರಣಗಳು

ಉದ್ದೇಶ: ದಿನನಿತ್ಯದ ಸನ್ನಿವೇಶವನ್ನು ಸಮೀಕರಣವಾಗಿ ಬರೆದು ಬಿಡಿಸುವುದು, ಬಂದ ಉತ್ತರ ಆ ಸನ್ನಿವೇಶಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸುವುದು.

ಪೀಠಿಕೆ: ಬೋಧನಾಭ್ಯಾಸಕ್ಕೆ ನಾನು ಹೋಗಿದ್ದ ಶಾಲೆ ಚಿಕ್ಕಬಳ್ಳಾಪುರದ ಹತ್ತಿರದ್ದು. "ಶನಿವಾರ ಬರುವ ಕಾರುಗಳೆಲ್ಲ ಎಲ್ಲಿಗೆ ಹೋಗುತ್ತವೆ?" ಎಂದು ಕೇಳಿದೆ. "ನಂದಿ ಬೆಟ್ಟ", "ಆದಿಯೋಗಿ" ಎಂದರು ಮಕ್ಕಳು. 1,478 ಮೀಟರ್ ಎತ್ತರದ ನಂದಿಯಲ್ಲಿ ಸೂರ್ಯೋದಯ ನೋಡಬೇಕೆನ್ನುವವರಿಗೆ ಹಿಂದಿನ ರಾತ್ರಿ ತಂಗಲು ಹತ್ತಿರದಲ್ಲೇ ಜಾಗ ಬೇಕು. 112 ಅಡಿಯ ಆದಿಯೋಗಿ ಮೂರ್ತಿ 2023ರ ಜನವರಿ 15ರಂದು ಅನಾವರಣಗೊಂಡಿತು. ದಾರಿಯಲ್ಲಿ ಕಂಡ ಹೋಂಸ್ಟೇ ಫಲಕಗಳನ್ನು ಮಕ್ಕಳೇ ಎಣಿಸಿ ಹೇಳಿದರು.

ಚಟುವಟಿಕೆ: ಒಂದು ಕಾಲ್ಪನಿಕ ಮನೆ. ತಿಂಗಳ ಬಾಡಿಗೆ ₹8,000. ಪ್ರವಾಸಿಗರಿಗೆ ಕೊಟ್ಟರೆ ರಾತ್ರಿಗೆ ₹1,500. ಎಷ್ಟು ರಾತ್ರಿ ತುಂಬಿದರೆ ಎರಡೂ ಸಮ?
1500x = 8000; x = 5.33. ಅಂದರೆ 6 ರಾತ್ರಿ.

"ಬೆಡ್‌ಶೀಟ್ ಒಗೆಯೋಕೆ ದುಡ್ಡು ಬೇಡ್ವಾ ಮಿಸ್?" ಎಂದ ಒಬ್ಬ ಹುಡುಗ. ಅವನ ತಾಯಿ ಅಂಥದೇ ಮನೆಯೊಂದರಲ್ಲಿ ಕೆಲಸ ಮಾಡುತ್ತಾರಂತೆ. ಲೆಕ್ಕ ತಿದ್ದಿದೆವು. ರಾತ್ರಿಯೊಂದಕ್ಕೆ ಶುಚಿ, ಒಗೆತ, ಕರೆಂಟಿಗೆ ₹400. ಆ್ಯಪ್‌ನ ಕಮಿಷನ್ ಶೇ. 15, ಅಂದರೆ ₹225, ಉಳಿಯುವುದು ₹875. ಮಂಚ, ಹಾಸಿಗೆ, ವೈಫೈಗೆ ತಿಂಗಳಿಗೆ ₹2,000.
875x – 2000 = 8000; x = 11.43. ಅಂದರೆ 12 ರಾತ್ರಿ.
ಶುಕ್ರವಾರ, ಶನಿವಾರ ಸೇರಿ 8 ರಾತ್ರಿ ಮಾತ್ರ ತುಂಬಿದರೆ ಕೈಗೆ ಬರುವುದು ₹5,000. "ಹಂಗಾದ್ರೆ ಓನರ್‌ಗೇ ಲಾಸು!" ಎಂದು ತರಗತಿ ನಕ್ಕಿತು.

ಮೌಲ್ಯಮಾಪನ: ಇದೇ ಮನೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬಳಿ ಇದ್ದು, ತಿಂಗಳಿಗೆ 4 ರಾತ್ರಿ ಮಾತ್ರ ತುಂಬಿದರೆ? (ಉತ್ತರ: ₹1,500.) ಗೌರಿಬಿದನೂರು, ಚಿಂತಾಮಣಿಗೆ x ಎಷ್ಟಿರಬಹುದು? ಕಾರಣ ಕೊಡಿ.

ಸ್ವವಿಮರ್ಶೆ: ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು, "ಮಿಸ್, ಆ ಮನೇಲಿ ಮೊದಲೇ ಬಾಡಿಗೆಗಿದ್ದೋರು ಎಲ್ಲಿಗೆ ಹೋಗ್ತಾರೆ?" ಎಂದಳು. ಪರೀಕ್ಷೆ ಮುಗಿದ ಮೇಲೆ ಖಾಲಿ ಮಾಡಿ ಎಂದು ಅವಳ ಮನೆಯವರಿಗೂ ಹೇಳಿದ್ದರಂತೆ. ನನ್ನ ಪಾಠಯೋಜನೆಯಲ್ಲಿ ಇದ್ದದ್ದು ಮಾಲೀಕರ x ಒಂದೇ.

ಮರುದಿನ ಯಾರ ಹೆಸರನ್ನೂ ಎತ್ತದೆ ಬಾಡಿಗೆದಾರರ ಲೆಕ್ಕ ಕೊಟ್ಟೆ. ದೂರದ ಊರಲ್ಲಿ ಬಾಡಿಗೆ ₹1,000 ಕಡಿಮೆ; ಬಸ್ಸಿಗೆ ದಿನಕ್ಕೆ ತಲಾ ₹40, ತಿಂಗಳಿಗೆ 26 ದಿನ. "ಶಕ್ತಿ ಯೋಜನೇಲಿ ಅಮ್ಮಂಗೆ, ಮಗಳಿಗೆ ಫ್ರೀ, ಅಪ್ಪಂಗೆ ಮಾತ್ರ ಟಿಕೆಟ್" ಎಂದು ಮಕ್ಕಳೇ ತಿದ್ದಿದರು. ಖರ್ಚು ₹1,040; ಉಳಿತಾಯದ ಬದಲು ₹40 ನಷ್ಟ. ದಿನವೂ ದಾರಿಯಲ್ಲಿ ಕಳೆಯುವ ಹೊತ್ತನ್ನು ಯಾವ ಚರಾಕ್ಷರಕ್ಕೆ ಬರೆಯುವುದು ಎಂಬ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಸಿಗಲಿಲ್ಲ. ಸ್ಪೇನಿನ ಬಾರ್ಸಿಲೋನಾ ನಗರಾಡಳಿತವೂ ಬಾಡಿಗೆದಾರರ ಕಡೆಯ ಲೆಕ್ಕ ನೋಡಿಯೇ, ಪ್ರವಾಸಿ ಫ್ಲ್ಯಾಟುಗಳ ಪರವಾನಗಿಗಳನ್ನು 2028ರೊಳಗೆ ಕೊನೆಗೊಳಿಸುವುದಾಗಿ 2024ರಲ್ಲಿ ಹೇಳಿತು ಎಂದು ತಿಳಿಸಿದೆ.

ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ: ಎರಡೂ ಸಮೀಕರಣಗಳನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆಯಿರಿ. ಎರಡನೆಯದು ಯಾರ ಮನೆಯ ಲೆಕ್ಕ ಎಂದು ಮಾತ್ರ ಕೇಳಬೇಡಿ.