ಶಿಶುವಿನ ತಲೆಯ ಆಕಾರ: ಮೊದಲ ತಿಂಗಳುಗಳ ಎಚ್ಚರ

ನವಜಾತ ಶಿಶುವಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳು ಅಂಚಿಗೆ ಅಂಚು ತಾಗಿಕೊಂಡು ಅದು ರೂಪುಗೊಂಡಿದೆ. ಮೂಳೆಗಳ ನಡುವಣ ಸಂಧಿರೇಖೆಗಳನ್ನು ವೈದ್ಯರು ‘ಸೂಚರ್’ ಎನ್ನುತ್ತಾರೆ. ಮಿದುಳು ಬೆಳೆದಂತೆ ಬುರುಡೆ ಹಿಗ್ಗಲು ಈ ಸಂಧಿಗಳೇ ಆಧಾರ. ಹುಟ್ಟಿದಾಗ ಸುಮಾರು 34 ಸೆಂ.ಮೀ. ಇರುವ ತಲೆಯ ಸುತ್ತಳತೆ, ವರ್ಷ ತುಂಬುವಾಗ ಸುಮಾರು 45 ಸೆಂ.ಮೀ. ಆಗುತ್ತದೆ. ಹಣೆಯ ನಡುವಣ ಸಂಧಿ ಮೊದಲ ವರ್ಷದಲ್ಲಿ ಕೂಡಿಕೊಳ್ಳುವುದು ಸಹಜ. ಉಳಿದ ಮುಖ್ಯ ಸಂಧಿಗಳು ಮುಚ್ಚುವುದು ಪ್ರಾಯಕ್ಕೆ ಬಂದ ಮೇಲೆ.

ಸಂಧಿ ಅಕಾಲದಲ್ಲಿ ಕೂಡಿದರೆ

ಸುಮಾರು 2,000ದಿಂದ 2,500 ಶಿಶುಗಳಲ್ಲಿ ಒಂದಕ್ಕೆ ಯಾವುದಾದರೊಂದು ಸಂಧಿ ಅಕಾಲದಲ್ಲಿಯೇ ಬೆಸೆದುಕೊಳ್ಳುತ್ತದೆ. ಇದಕ್ಕೆ ‘ಕ್ರೇನಿಯೋಸಿನೋಸ್ಟೋಸಿಸ್’ ಎಂದು ಹೆಸರು. ಬೆಸೆದ ಸಂಧಿಗೆ ಅಡ್ಡಲಾಗಿ ಬುರುಡೆ ಬೆಳೆಯಲಾರದೆಂಬುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1851ರಲ್ಲಿ ತೋರಿಸಿದನು. ಆದುದರಿಂದಲೇ ನಡುನೆತ್ತಿಯ ಸಂಧಿ ಕೂಡಿದಾಗ ತಲೆ ದೋಣಿಯಂತೆ ಉದ್ದವಾಗಿ ಕಿರಿದಾಗುತ್ತದೆ. ಹಣೆಯ ಸಂಧಿ ಬೇಗನೆ ಕೂಡಿದಾಗ ಹಣೆ ತ್ರಿಕೋನಾಕಾರ ತಾಳುತ್ತದೆ. ಒಂದೇ ಸಂಧಿ ಕೂಡಿದ ಅನೇಕ ಮಕ್ಕಳ ಬುದ್ಧಿಬೆಳವಣಿಗೆ ಸಹಜವಾಗಿರುತ್ತದೆ. ಆದರೆ ಕೆಲವರಲ್ಲಿ, ವಿಶೇಷವಾಗಿ ಹಲವು ಸಂಧಿಗಳು ಕೂಡಿದವರಲ್ಲಿ, ಮಿದುಳಿನ ಮೇಲೆ ಒತ್ತಡ ಹೆಚ್ಚಿ ದೃಷ್ಟಿಗೂ ಅಪಾಯವಾಗಬಹುದು.

ಗುರುತಿಸುವ ಬಗೆ

ಸಂಧಿಯ ಮೇಲೆ ಬೆರಳಾಡಿಸಿದಾಗ ಗಟ್ಟಿಯಾದ ಏಣು ತಗಲುವುದು, ಆಕಾರದ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಹೆಚ್ಚುವುದು, ಹಣೆ ಅಥವಾ ಕಣ್ಣುಗಳು ಒಂದಕ್ಕೊಂದು ಸಮವಾಗಿಲ್ಲದಿರುವುದು ಮುಖ್ಯ ಲಕ್ಷಣಗಳು. ಒಂದೇ ಮಗ್ಗುಲಲ್ಲಿ ಮಲಗಿ ತಲೆ ಚಪ್ಪಟೆಯಾಗುವುದು ಬೇರೆಯೇ ಸಂಗತಿ. ಅದರಲ್ಲಿ ಏಣು ಇರುವುದಿಲ್ಲ, ಶಸ್ತ್ರಚಿಕಿತ್ಸೆಯೂ ಬೇಕಿಲ್ಲ. ಎರೆಯುವಾಗ ತಲೆಯನ್ನು ಒತ್ತಿ ತಿದ್ದುವ, ಸಾಸಿವೆಯ ದಿಂಬಿನ ಮೇಲೆ ಮಲಗಿಸುವ ರೂಢಿ ನಮ್ಮಲ್ಲುಂಟು. ಬೆಸೆದ ಮೂಳೆಯನ್ನು ಇವು ಬಿಡಿಸಲಾರವು. ಅಮೂಲ್ಯವಾದ ಕಾಲ ಮಾತ್ರ ಕಳೆಯುತ್ತದೆ.

ಕಾಲದ ಮಹತ್ವ

ಸಣ್ಣ ಗಾಯದ ಮೂಲಕ ದೂರ್ಬೀನಿನ ಸಹಾಯದಿಂದ ಬೆಸೆದ ಮೂಳೆಯನ್ನು ತೆಗೆಯುವ ವಿಧಾನವನ್ನು ಅಮೆರಿಕೆಯ ಹಿಮೆನೆಜ್ ಮತ್ತು ಬರೋನ್ 1998ರಲ್ಲಿ ವರದಿ ಮಾಡಿದರು. ಮೂಳೆ ಮೃದುವಾಗಿರುವ ಮೊದಲ ಮೂರು–ನಾಲ್ಕು ತಿಂಗಳುಗಳೇ ಇದಕ್ಕೆ ಪ್ರಶಸ್ತ. ಅನಂತರ ಕೆಲವು ತಿಂಗಳು ಮಗುವಿಗೆ ವಿಶೇಷ ಶಿರಸ್ತ್ರಾಣ ತೊಡಿಸಬೇಕಾಗುವುದು. ತಡವಾದರೆ ಬುರುಡೆಯನ್ನು ತೆರೆದು ಮರುಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇದನ್ನು ಬಹುಮಟ್ಟಿಗೆ ಆರರಿಂದ ಹನ್ನೆರಡು ತಿಂಗಳೊಳಗೆ ಮಾಡುವರು. ಐದು ಕಿಲೋ ತೂಗುವ ಶಿಶುವಿನ ದೇಹದಲ್ಲಿರುವ ರಕ್ತ ಸುಮಾರು 400 ಮಿ.ಲೀ. ಮಾತ್ರ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತವನ್ನು ಸಿದ್ಧವಾಗಿರಿಸಿಕೊಳ್ಳುವುದು ಅವಶ್ಯ.

ತಾಯಿತಂದೆಯರು ಮಾಡಬೇಕಾದುದು

ಹೆರಿಗೆಗೆ ಕರ್ನಾಟಕದ ತವರಿಗೆ ಬಂದು, ಕೆಲವು ತಿಂಗಳ ಬಳಿಕ ಪುಣೆಯ ಕೋಥರೂಡದಂತಹ ದೂರದ ಬಡಾವಣೆಗೆ ಮರಳುವ ತಾಯಂದಿರು ಹೆಚ್ಚು ಜಾಗರೂಕರಾಗಿರಬೇಕು. ಒಂದೂರಿನ ವೈದ್ಯರು ಕಂಡ ತಲೆಯನ್ನು ಇನ್ನೊಂದೂರಿನ ವೈದ್ಯರು ಮೊದಲ ಬಾರಿ ಕಾಣುವುದರಿಂದ ವ್ಯತ್ಯಾಸ ತಿಳಿಯದೆ ಹೋಗಬಹುದು. ಲಸಿಕೆಗಾಗಿ 6, 10 ಮತ್ತು 14ನೆಯ ವಾರಗಳಲ್ಲಿ ಹೋದಾಗಲೆಲ್ಲ ತಲೆಯ ಸುತ್ತಳತೆಯನ್ನು ಅಳೆಯಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ, ಆ ಕಾರ್ಡನ್ನು ಜೊತೆಯಲ್ಲಿಯೇ ಒಯ್ಯಬೇಕು. ಸಂಶಯವಿದ್ದಲ್ಲಿ ಮಕ್ಕಳ ತಜ್ಞರ ಮೂಲಕ ಪುಣೆಯ ಸಸೂನ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ದೊಡ್ಡ ಸಂಸ್ಥೆಗಳ ನರಶಸ್ತ್ರಚಿಕಿತ್ಸಕರ ಸಲಹೆ ಪಡೆಯಬಹುದು. ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂಬ ಸಮಾಧಾನವನ್ನು ಪರೀಕ್ಷೆಯ ಬಳಿಕ ವೈದ್ಯರು ಹೇಳಲಿ. ಪರೀಕ್ಷೆಗೆ ಮುನ್ನ ಮನೆಯವರು ಹೇಳಿಕೊಳ್ಳುವುದು ತರವಲ್ಲ.