ಮುರಿದುಕೊಂಡ ಹಣ: ಆನ್‌ಲೈನ್ ಮಾರಾಟಗಾರರು ತೆರೆದು ನೋಡದ ಪಟ್ಟಿ

ಸೋಲಾಪುರದ ಚಾದರ, ಅಕ್ಕಲಕೋಟ ಸೀಮೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಈಗ ಸಂತೆಗೆ ಹೋಗದೆಯೂ ಮಾರಾಟವಾಗುತ್ತವೆ. ಬೋರಾಮಣಿಯಂಥ ಹೆದ್ದಾರಿ ಬದಿಯ ಊರಿನ ಮನೆಯಲ್ಲಿ ಕಟ್ಟಿದ ಪೊಟ್ಟಣಕ್ಕೆ ಪುಣೆಯ ಗಿರಾಕಿ ಫೋನಿನಲ್ಲೇ ಹಣ ಕೊಟ್ಟಾಗ, ಆ ಹಣ ಅನೇಕ ವೇಳೆ ನಡುವಿನ ಒಂದು ಸಂಸ್ಥೆಯ ಖಾತೆಯಲ್ಲಿ ನಿಂತು, ಆ ಸಂಸ್ಥೆ ತನ್ನ ಶುಲ್ಕ ಮುರಿದುಕೊಂಡ ಮೇಲೆ ಉಳಿದದ್ದು ಮಾತ್ರ ಮಾರಿದವರಿಗೆ ತಲುಪುತ್ತದೆ. ಹೀಗೆ ಹಲವು ಮಾರಾಟಗಾರರ ಪರವಾಗಿ ಹಣ ಸ್ವೀಕರಿಸಿ ಅವರವರಿಗೆ ಹಂಚುವ ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಭಾಷೆಯಲ್ಲಿ ಪೇಮೆಂಟ್ ಅಗ್ರಿಗೇಟರ್ ಎಂದು ಹೆಸರು. ಹಣವನ್ನು ಮುಟ್ಟದೆ ತಾಂತ್ರಿಕ ದಾರಿಯನ್ನಷ್ಟೇ ಒದಗಿಸುವುದು ಪೇಮೆಂಟ್ ಗೇಟ್‌ವೇ. ಮಾರಾಟಗಾರರು ವಕೀಲರ ಬಳಿ ಬರುವುದು ಸಾಮಾನ್ಯವಾಗಿ ತೆರಿಗೆಯ ನೋಟಿಸು ಬಂದ ಮೇಲೆ ಅಥವಾ ಖಾತೆಗೆ ಬರಬೇಕಾದ ಹಣ ನಿಂತ ಮೇಲೆ. ಅಷ್ಟರಲ್ಲಿ ವರ್ಷಗಟ್ಟಲೆ ಏನು ಮುರಿಯಲ್ಪಟ್ಟಿದೆ, ಯಾವ ಹೆಸರಿನಲ್ಲಿ ಮುರಿಯಲ್ಪಟ್ಟಿದೆ ಎಂಬುದರ ಒಂದು ಹಾಳೆಯೂ ಅವರ ಕೈಯಲ್ಲಿರುವುದಿಲ್ಲ.

ಈ ಸೀಮೆಯ ರೈತರಿಗೆ ಮಾರುಕಟ್ಟೆಯ ಪಟ್ಟಿ ಹೊಸದಲ್ಲ. 2023ರ ಫೆಬ್ರವರಿಯಲ್ಲಿ ಬಾರ್ಶಿ ತಾಲೂಕಿನ ರೈತರೊಬ್ಬರು ಸೋಲಾಪುರದಲ್ಲಿ 512 ಕಿಲೋ ಉಳ್ಳಾಗಡ್ಡಿ ಮಾರಿದಾಗ, ಕಿಲೋಗೆ 1 ರೂಪಾಯಿ ದರದಲ್ಲಿ ಬಂದ ಹಣದಿಂದ ಸಾಗಣೆ, ಹಮಾಲಿ, ತೂಕದ ಖರ್ಚು ಕಳೆದು ಕೈಗೆ ಉಳಿದದ್ದು 2 ರೂಪಾಯಿ 49 ಪೈಸೆ. ಆ ಅನ್ಯಾಯ ದೇಶಕ್ಕೆ ತಿಳಿದದ್ದು ಪ್ರತಿ ಕಡಿತವನ್ನೂ ಬರೆದ ಪಟ್ಟಿ ರೈತರ ಕೈಯಲ್ಲಿದ್ದ ಕಾರಣದಿಂದಲೇ. ಆನ್‌ಲೈನ್ ವ್ಯಾಪಾರದಲ್ಲೂ ಅದೇ ಬಗೆಯ ಪಟ್ಟಿ ಇದೆ, ಅದರ ಹೆಸರು ಸೆಟಲ್‌ಮೆಂಟ್ ರಿಪೋರ್ಟ್; ಅದು ಸಂಸ್ಥೆಯ ಆ್ಯಪ್‌ನೊಳಗೆ ಸುಮ್ಮನೆ ಬಿದ್ದಿರುತ್ತದೆ, ಮಾರಿದವರು ನೋಡುವುದು ಬ್ಯಾಂಕಿನ ಸಂದೇಶವನ್ನು ಮಾತ್ರ.

ಮೊದಲು ಶುಲ್ಕದ ಕಾನೂನನ್ನು ತಿಳಿಯಬೇಕು. ಹಣ ಸ್ವೀಕರಿಸುವ ಸೌಲಭ್ಯಕ್ಕಾಗಿ ಮಾರಾಟಗಾರರಿಂದ ಪಡೆಯುವ ಶುಲ್ಕವನ್ನು ಎಂಡಿಆರ್, ಅಂದರೆ ಮರ್ಚೆಂಟ್ ಡಿಸ್ಕೌಂಟ್ ರೇಟ್ ಎನ್ನುತ್ತಾರೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಗೆ 2019ರಲ್ಲಿ ಸೇರಿಸಿದ 10ಎ ಕಲಮಿನಂತೆ, ನಿಗದಿಪಡಿಸಿದ ವಿಧಾನಗಳಲ್ಲಿ ನಡೆದ ಪಾವತಿಗೆ ಯಾವುದೇ ಬ್ಯಾಂಕಾಗಲಿ, ಪಾವತಿ ವ್ಯವಸ್ಥೆ ನಡೆಸುವವರಾಗಲಿ, ಹಣ ಕೊಡುವವರ ಮೇಲೂ ಪಡೆಯುವವರ ಮೇಲೂ ನೇರವಾಗಿ ಅಥವಾ ಪರೋಕ್ಷವಾಗಿ ಶುಲ್ಕ ಹೇರುವಂತಿಲ್ಲ. ರುಪೇ ಡೆಬಿಟ್ ಕಾರ್ಡ್, ಯುಪಿಐ ಮತ್ತು ಯುಪಿಐ ಕ್ಯೂಆರ್ ಕೋಡ್ ಈ ವಿಧಾನಗಳು. ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಕೆಲವು ಬ್ಯಾಂಕುಗಳು ಆ ಮೇಲೆಯೂ ಯುಪಿಐಗೆ ಶುಲ್ಕ ಪಡೆದಾಗ, ಕೇಂದ್ರ ನೇರ ತೆರಿಗೆ ಮಂಡಳಿ 2020ರ ಆಗಸ್ಟ್ 30ರಂದು ಸುತ್ತೋಲೆ ಹೊರಡಿಸಿ, ಪಡೆದದ್ದನ್ನು ಹಿಂತಿರುಗಿಸುವಂತೆ ಹೇಳಬೇಕಾಯಿತು.

ಇಷ್ಟು ಸ್ಪಷ್ಟವಾದ ನಿಯಮವಿದ್ದೂ ಅನೇಕ ಸಂಸ್ಥೆಗಳು ಎಲ್ಲ ಬಗೆಯ ಪಾವತಿಗೂ ಒಂದೇ ದರದ ಯೋಜನೆಯನ್ನು ಮುಂದಿಟ್ಟು, ಯುಪಿಐ ಮೇಲೆ ಪಡೆಯುವುದನ್ನು ‘ಪ್ಲಾಟ್‌ಫಾರ್ಮ್ ಶುಲ್ಕ’ ಅಥವಾ ‘ತಾಂತ್ರಿಕ ಸೇವೆಯ ಶುಲ್ಕ’ ಎಂದು ಕರೆಯುತ್ತವೆ. ಇದು ಎಂಡಿಆರ್ ಅಲ್ಲ, ಪ್ರತ್ಯೇಕ ಸೇವೆಗೆ ಒಪ್ಪಂದದ ಬೆಲೆ ಎಂಬುದು ಅವುಗಳ ವಾದ. ವಾದ ಮಾಡುವುದಕ್ಕಿಂತ ಅಗ್ಗದ ದಾರಿಯೊಂದಿದೆ: ಪರಿಚಿತ ಗಿರಾಕಿಗಳಿಂದ ತಮ್ಮದೇ ಬ್ಯಾಂಕಿನ ಕ್ಯೂಆರ್ ಮೂಲಕ ಹಣ ಪಡೆದು, ಕಾರ್ಡಿನಿಂದ ಕೊಡುವವರಿಗೆ ಮಾತ್ರ ಅಗ್ರಿಗೇಟರ್ ಕೊಂಡಿ ಕಳಿಸುವುದು. ಯುಪಿಐ ಶುಲ್ಕದ ನಿಷೇಧಕ್ಕೂ ಅಪವಾದಗಳಿವೆ. ಮಾತನಾಡುವ ಸೌಂಡ್ ಬಾಕ್ಸಿನ ತಿಂಗಳ ಬಾಡಿಗೆ ಈ ನಿಷೇಧಕ್ಕೆ ಒಳಪಡುವುದಿಲ್ಲ. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡಿನಿಂದಲೋ ವಾಲೆಟ್‌ನಿಂದಲೋ ಹಣ ಬಂದರೆ ಶುಲ್ಕ ಬೀಳಬಹುದು.

ಉಳಿದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕು 2018ರ ಜನವರಿ 1ರಿಂದ ಮಿತಿ ಹಾಕಿದೆ: ಹಿಂದಿನ ಆರ್ಥಿಕ ವರ್ಷದ ವಹಿವಾಟು 20 ಲಕ್ಷ ರೂಪಾಯಿಯವರೆಗಿದ್ದ ಸಣ್ಣ ವ್ಯಾಪಾರಿಗೆ ಶೇ. 0.40, ಒಂದು ವಹಿವಾಟಿಗೆ ಹೆಚ್ಚೆಂದರೆ 200 ರೂಪಾಯಿ. ಅದಕ್ಕಿಂತ ದೊಡ್ಡವರಿಗೆ ಶೇ. 0.90, ಹೆಚ್ಚೆಂದರೆ 1,000 ರೂಪಾಯಿ. ಸಣ್ಣವರ ದರ ಬೇಕಾದವರು ತಮ್ಮ ವಹಿವಾಟನ್ನು ಬರಹದಲ್ಲಿ ತಿಳಿಸಿ ಕೇಳಬೇಕು, ಏಕೆಂದರೆ ಕೇಳದವರಿಗೆ ಯಾರೂ ದರ ಇಳಿಸಿ ಕೊಡುವುದಿಲ್ಲ. ಡೆಬಿಟ್ ಕಾರ್ಡಿನ ಈ ಶುಲ್ಕವನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವುದಕ್ಕೆ ಅನುಮತಿಯಿಲ್ಲ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿಯಿಲ್ಲ. ಅಲ್ಲಿ ಒಪ್ಪಂದವೇ ಕಾನೂನು.

ಒಪ್ಪಂದವೆಂದರೆ ಫೋನಿನಲ್ಲಿ ‘ಒಪ್ಪಿದೆ’ ಎಂದು ಒತ್ತುವುದೇ ಆಗಿರುವುದರಿಂದ, ಒತ್ತುವ ಮುನ್ನ ಅದನ್ನು ಇಳಿಸಿಕೊಂಡು ಇಟ್ಟುಕೊಳ್ಳಬೇಕು. ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಬರುವ ಮಧ್ಯವರ್ತಿ ತನ್ನ ಮೊಬೈಲ್ ಸಂಖ್ಯೆ ಮತ್ತು ಮಿಂಚಂಚೆಯಲ್ಲಿ ಖಾತೆ ತೆರೆದರೆ ಪಾಸ್‌ವರ್ಡ್ ಅವನ ಕೈಯಲ್ಲಿ ಉಳಿಯುತ್ತದೆ; ಅವನ ಪ್ಯಾನ್ ಮತ್ತು ಬ್ಯಾಂಕ್ ಖಾತೆಯಲ್ಲೇ ತೆರೆದರೆ, ಕಾನೂನಿನ ಪ್ರಕಾರ ವ್ಯಾಪಾರವೇ ಅವನದಾಗಿ ಕಾಣಿಸುತ್ತದೆ. ಒಂದು ಅರ್ಜಿ ತುಂಬಿದ್ದಕ್ಕೆ ಸಾವಿರಾರು ರೂಪಾಯಿ ಪಡೆದು, ಬಡ ಹೆಣ್ಣುಮಕ್ಕಳ ದುಡಿಮೆಯನ್ನು ತಮ್ಮ ಹೆಸರಿಗೆ ಕಟ್ಟಿಕೊಳ್ಳುವ ಇಂಥವರನ್ನು ನೆರವಿಗೆ ಬಂದವರೆಂದು ಎಣಿಸುವುದು ತಪ್ಪು.

ಇನ್ನು ಎಲ್ಲಕ್ಕಿಂತ ಹೆಚ್ಚು ಹಣ ಕಳೆಯುವ ಬಲೆ: ಖಾತೆಗೆ ಬಂದ ಮೊತ್ತವನ್ನೇ ವ್ಯಾಪಾರವೆಂದು ಬರೆದುಕೊಳ್ಳುವುದು. 1,000 ರೂಪಾಯಿಯ ಚಾದರಕ್ಕೆ ಶೇ. 2 ಪ್ಲಾಟ್‌ಫಾರ್ಮ್ ಶುಲ್ಕವೆಂದರೆ 20 ರೂಪಾಯಿ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಎಂದರೆ 3 ರೂಪಾಯಿ 60 ಪೈಸೆ. ಖಾತೆಗೆ ಬರುವುದು 976 ರೂಪಾಯಿ 40 ಪೈಸೆ. ಆದರೆ ಕಾನೂನಿನ ಕಣ್ಣಿಗೆ ಮಾರಾಟ 1,000 ರೂಪಾಯಿಯೇ, ಕಡಿತ ಒಂದು ಖರ್ಚು. ಸರಕು ಮಾತ್ರ ಮಾರುವವರಿಗೆ ಮಹಾರಾಷ್ಟ್ರದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ವರ್ಷದ ಮಾರಾಟ 40 ಲಕ್ಷ 50 ಸಾವಿರವಾಗಿದ್ದು ಎಲ್ಲಕ್ಕೂ ಮೇಲಿನ ದರದಲ್ಲೇ ಕಡಿತವಾಗಿದ್ದರೆ ಖಾತೆಗೆ ಬಂದಿರುವುದು 39,54,420 ರೂಪಾಯಿ. ಮಿತಿಯೊಳಗೇ ಇದ್ದೇನೆಂದು ನಂಬಿದ ಮಾರಾಟಗಾರ್ತಿ ಆಗಲೇ ಮಿತಿ ದಾಟಿರುತ್ತಾಳೆ, ಅವಳು ಪಡೆಯದ ತೆರಿಗೆಯನ್ನು ಅವಳ ಲಾಭದಿಂದ ಬಡ್ಡಿ, ದಂಡದ ಸಮೇತ ಕೇಳಲಾಗುತ್ತದೆ. ಅಂದಾಜು ಆದಾಯದ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೂ ಶೇ. 6ರ ಲೆಕ್ಕ ಪೂರ್ಣ ಮಾರಾಟದ ಮೇಲೆಯೇ. ಅಲ್ಲಿ ಶುಲ್ಕವನ್ನು ಮತ್ತೊಮ್ಮೆ ಖರ್ಚೆಂದು ಕಳೆಯಲು ಬರುವುದಿಲ್ಲ.

ಇದು ಬರಿಯ ಹೆದರಿಕೆಯ ಮಾತಲ್ಲ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಸಂಸ್ಥೆಗಳಿಂದಲೇ ಯುಪಿಐ ಜಮೆಯ ವಿವರ ಪಡೆದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ಮೊತ್ತದ ನೋಟಿಸು ತಲುಪಿ, ಅಂಗಡಿಗಳ ಮುಂದಿನ ಕ್ಯೂಆರ್ ಚೀಟಿಗಳು ಮಾಯವಾದ ಮೇಲೆ ಇಲಾಖೆ ಅರಿವಿನ ಸಭೆ ಶುರುಮಾಡಿತು. ಮೊದಲು ನೋಟಿಸು, ಆಮೇಲೆ ತಿಳಿವಳಿಕೆ ಎಂಬ ಈ ಕ್ರಮ ಜನರಲ್ಲಿ ಕಚೇರಿಯ ಭಯವನ್ನು ಬೆಳೆಸುವುದೇ ಹೊರತು ತೆರಿಗೆಯನ್ನಲ್ಲ. ಅಂಥ ನೋಟಿಸಿಗೆ ಉತ್ತರ ಕೊಡದೆ ಕೂರುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಮನೆಯವರು ಕಳಿಸಿದ ಹಣ, ಸಾಲ, ತೆರಿಗೆಯಿಲ್ಲದ ಸರಕು ಯಾವುದೆಂದು ಬೇರ್ಪಡಿಸಿ ತೋರಿಸಲು ಪಟ್ಟಿ ಇದ್ದವರಿಗೆ ಸಾಧ್ಯ.

ಗಡಿಯ ಕನ್ನಡಿಗರಿಗೆ ಇಲ್ಲಿ ಇನ್ನೊಂದು ಹೊಂಡವಿದೆ. ಅಕ್ಕಲಕೋಟದಿಂದ ಅಫಜಲಪುರಕ್ಕೋ ಇಂಡಿಗೋ ಕಳಿಸಿದ ಪಾರ್ಸಲ್ಲು ಬೀಗರ ಊರಿಗೆ ಹೋದಂತೆ ಕಂಡರೂ ಕಾನೂನಿಗೆ ಅದು ಅಂತರರಾಜ್ಯ ಮಾರಾಟ, ಮತ್ತು ತೆರಿಗೆಯಿರುವ ಸರಕನ್ನು ಹಾಗೆ ಮಾರುವವರಿಗೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ, ಮೊದಲ ಮಾರಾಟಕ್ಕೇ ನೋಂದಣಿ ಬೇಕು. ಅಧಿಸೂಚನೆಯಲ್ಲಿರುವ ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿಯಿದೆ, ಪವರ್‌ಲೂಮ್ ಚಾದರಕ್ಕೆ ಅದು ಸಿಗದು. 2023ರ ಅಕ್ಟೋಬರ್ 1ರಿಂದ ದೊಡ್ಡ ಆನ್‌ಲೈನ್ ಮಳಿಗೆಗಳ ಮೂಲಕ ಮಾರುವ ಸಣ್ಣವರಿಗೆ ದೊರೆತ ನೋಂದಣಿಯ ಸಡಿಲಿಕೆಯೂ ರಾಜ್ಯದೊಳಗಿನ ಮಾರಾಟಕ್ಕಷ್ಟೇ, ಅದೂ ದಾಖಲಾತಿ ಸಂಖ್ಯೆ ಪಡೆದವರಿಗಷ್ಟೇ.

ಪಟ್ಟಿ ತೆರೆದಾಗ ಕಾಣುವ ಕಡಿತಗಳೆಲ್ಲ ಶುಲ್ಕವಲ್ಲ. ಆನ್‌ಲೈನ್ ಮಳಿಗೆ 2024ರ ಅಕ್ಟೋಬರ್‌ನಿಂದ ಶೇ. 0.1ರಂತೆ ಮುರಿದ ಟಿಡಿಎಸ್ ಮಾರಾಟಗಾರರದೇ ಆದಾಯ ತೆರಿಗೆಯ ಮುಂಗಡ. ರಿಟರ್ನ್ ಸಲ್ಲಿಸಿ ಲೆಕ್ಕಕ್ಕೆ ತಂದುಕೊಳ್ಳದಿದ್ದರೆ ಅದು ಕೈಬಿಟ್ಟಂತೆ. ನೋಂದಾಯಿತರಿಂದ ಮಳಿಗೆ ಶೇ. 0.5ರಂತೆ ಹಿಡಿಯುವ ಜಿಎಸ್‌ಟಿಯೂ, ಶುಲ್ಕದ ಮೇಲಿನ ಶೇ. 18 ತೆರಿಗೆಯೂ ಲೆಕ್ಕಕ್ಕೆ ಮರಳಿ ಬರುವಂಥವು. ಆದರೆ ಶುಲ್ಕದ ತೆರಿಗೆಗೆ ಸಂಸ್ಥೆಯ ಬಿಲ್ಲಿನಲ್ಲಿ ಮಾರಾಟಗಾರರ ಜಿಎಸ್‌ಟಿ ಸಂಖ್ಯೆ ಇರಲೇಬೇಕು, ವಹಿವಾಟಿನ ಮೇಲೆ ಇಂತಿಷ್ಟೆಂದು ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯವರಿಗೆ ಆ ಸೌಲಭ್ಯವಿಲ್ಲ. 2,000 ರೂಪಾಯಿಯವರೆಗಿನ ಕಾರ್ಡ್ ಪಾವತಿಯನ್ನು ಇತ್ಯರ್ಥಗೊಳಿಸುವ ಸೇವೆಗೆ ಜಿಎಸ್‌ಟಿ ವಿನಾಯಿತಿಯಿದ್ದು, ಅದು ಅಗ್ರಿಗೇಟರ್‌ಗಳಿಗೂ ಅನ್ವಯಿಸುತ್ತದೆಂದು 2025ರ ಜನವರಿ 28ರ ಸುತ್ತೋಲೆ ಸ್ಪಷ್ಟಪಡಿಸಿದೆ. ಗೇಟ್‌ವೇಯ ತಾಂತ್ರಿಕ ಸೇವೆಗೆ ಮಾತ್ರ ವಿನಾಯಿತಿಯಿಲ್ಲ. ಹಾಗಾಗಿ ಬಿಲ್ಲಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ತೋರಿಸುವಂತೆ ಕೇಳಬೇಕು.

ಸರಕು ಮರಳಿದಾಗ ಗಿರಾಕಿಗೆ 1,000 ರೂಪಾಯಿ ಪೂರ್ತಿ ಹೋಗುತ್ತದೆ, ಅನೇಕ ಒಪ್ಪಂದಗಳಂತೆ ಶುಲ್ಕ ಮಾತ್ರ ಹಿಂತಿರುಗುವುದಿಲ್ಲ. ಈ ಸಂದರ್ಭದಲ್ಲಿ ಗಿರಾಕಿಯ ಅವಸರಕ್ಕೆ ಕರಗಿ ತಮ್ಮ ಸ್ವಂತ ಯುಪಿಐನಿಂದ ಹಣ ಕಳಿಸಬಾರದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗಿರಾಕಿ ಬೇರೆ ರೀತಿ ಒಪ್ಪಿದ ಹೊರತು ಮರುಪಾವತಿ ಹಣ ಬಂದ ದಾರಿಯಲ್ಲೇ ಹೋಗಬೇಕು; ಬೇರೆ ದಾರಿಯಲ್ಲಿ ಕಳಿಸಿದ ಮೇಲೆ ಅದೇ ಗಿರಾಕಿ ತನ್ನ ಬ್ಯಾಂಕಿನಲ್ಲಿ ತಕರಾರು ಹೂಡಿದರೆ ಹಣ ಎರಡು ಸಲ ಹೋಗುತ್ತದೆ, ಪಟ್ಟಿಯಲ್ಲಿ ಮಾರಾಟವೂ ಹಾಗೆಯೇ ಉಳಿದಿರುತ್ತದೆ.

ತಪ್ಪು ಕಡಿತ ಕಂಡರೆ ಮೊದಲು ಸಂಸ್ಥೆಯ ದೂರು ಅಧಿಕಾರಿಗೆ ವಹಿವಾಟಿನ ಸಂಖ್ಯೆ, ದಿನಾಂಕ, ಮೊತ್ತಗಳೊಂದಿಗೆ ಬರಹದಲ್ಲಿ ದೂರು ಕೊಡಬೇಕು. ಫೋನಿನ ಮಾತಿಗೆ ದಾಖಲೆಯ ಬೆಲೆಯಿಲ್ಲ. ತಪ್ಪು ಬ್ಯಾಂಕಿನದಾಗಿದ್ದು 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ, ಅಂದರೆ ಒಂಬುಡ್ಸ್‌ಮನ್‌ಗೆ, ತಡಮಾಡದೆ ಬರೆಯಬಹುದು. ಮಾಹಿತಿಗೆ 14448 ಸಂಖ್ಯೆಯಿದೆ. ಈ ದೂರಿಗೆ ಶುಲ್ಕವಿಲ್ಲ, ವಕೀಲರ ಮೂಲಕ ಸಲ್ಲಿಸಲು ಅವಕಾಶವೂ ಇಲ್ಲ, ಹಾಗಾಗಿ ದೂರು ಹಾಕಿಕೊಡುತ್ತೇನೆಂದು ಹಣ ಕೇಳುವವರನ್ನು ಬಾಗಿಲಲ್ಲೇ ತಡೆಯಬಹುದು. ಬ್ಯಾಂಕಿನ ಶಾಖೆಯಲ್ಲಿ ಮರಾಠಿಯಲ್ಲೇ ಬರೆದುಕೊಡಿ ಎಂದು ಹೇಳಿಸಿಕೊಂಡು ಮರಳಿದವರು ಗಮನಿಸಬೇಕಾದದ್ದು, ರಿಸರ್ವ್ ಬ್ಯಾಂಕಿನ ಚಂಡೀಗಢ ಕೇಂದ್ರ ಅಂಚೆಯಲ್ಲಿ ಬಂದ ದೂರನ್ನು ಯಾವ ಭಾಷೆಯಲ್ಲಿದ್ದರೂ ಸ್ವೀಕರಿಸುತ್ತದೆ ಎಂಬುದನ್ನು. ಕನ್ನಡದಲ್ಲಿ ಬರೆದ ಹಾಳೆಯ ಜೊತೆ ಬ್ಯಾಂಕಿಗೆ ಮೊದಲು ಕೊಟ್ಟ ದೂರಿನ ಪ್ರತಿ ಮತ್ತು ಆ ತಿಂಗಳ ಸೆಟಲ್‌ಮೆಂಟ್ ರಿಪೋರ್ಟ್ ಇರಬೇಕು. ತೆರಿಗೆಯ ನೋಟಿಸಿಗೆ ಉತ್ತರ ಬರೆಯಲು ವಕೀಲರ ನೆರವು ಬೇಕಾದ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಉಚಿತ ನೆರವಿನ ಹಕ್ಕಿದೆ. ಅರ್ಜಿಯನ್ನು ಸೋಲಾಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕೊಡಬೇಕು.